ಸೀಟಿನ ಸಂದಿಯಲ್ಲಿ ಸಿಕ್ಕಿದ್ದು

ರಘೋತ್ತಮಾಚಾರರು ಹೊಲಿದ ಸೀಟಿನ ಮೇಲೆ ಕುಳಿತು ಜನ ಪಂಢರಪುರಕ್ಕೆ ಹೋದರು, ಗೋವೆಗೆ ಹೋದರು, ಮುಂಬಯಿಗೂ ಹೋದರು. ಆಚಾರರು ಮಾತ್ರ ಸಂಜೆ ಆರರೊಳಗೆ ಮನೆಗೆ ಹೋದರು. ಇಪ್ಪತ್ತು ವರ್ಷ, ಒಂದು ದಿನ ತಪ್ಪದೆ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅವರ ಮೇಲೋ, ಅವರ ದೇವರ ಮೇಲೋ, ನನ್ನ ಮೇಲೋ, ಅದು ಮಾತ್ರ ತಿಳಿಯುವುದಿಲ್ಲ.

ನಾನು ನಿಜಗುಣಪ್ಪ. ಮುಲ್ಕಿ ಪರೀಕ್ಷೆ ಪಾಸಾದವನು. ಮನಸ್ಸು ಮಾಡಿದ್ದರೆ ಮಾಸ್ತರನಾಗುತ್ತಿದ್ದೆ, ಸ್ಟಿಯರಿಂಗ್ ಹಿಡಿದೆ. ಬೈಲಹೊಂಗಲದಲ್ಲಿ ನನ್ನದೊಂದು ಹಳೆಯ ಲ್ಯಾಂಡ್‌ಮಾಸ್ಟರ್ ಬಾಡಿಗೆ ಕಾರು. ಹುಣ್ಣಿಮೆ ಬಂತೆಂದರೆ ಸವದತ್ತಿ ದಾಟಿ, ಉಗರಗೋಳ ಹಾಯ್ದು ಯಲ್ಲಮ್ಮನ ಗುಡ್ಡ. ಮದುವೆ ಕಾಲದಲ್ಲಿ ರಾಮದುರ್ಗ, ಕಿತ್ತೂರು. ಐದು ಜನರ ಗಾಡಿಯಲ್ಲಿ ಹನ್ನೊಂದು ಜನ ಕೂಡುತ್ತಿದ್ದರು, ತೊಡೆಯ ಮೇಲೆ ಬುತ್ತಿಗಂಟು ಬೇರೆ. ಹಿಂದಿನ ಸೀಟು ನಾಲ್ಕೇ ವರ್ಷಕ್ಕೆ ನೆಲ ಕಂಡಿತು.

ಆಗ ಆಚಾರರ ಬಳಿ ಇದ್ದದ್ದು ಒಂದು ಹೊಲಿಗೆ ಯಂತ್ರ. ಸಾಲಿ ಹುಡುಗರ ಚೊಣ್ಣ, ಗಾದಿಯ ಗವಸು ಹೊಲಿಯುತ್ತಿದ್ದರು. ತಲೆತಲಾಂತರದಿಂದ ಪೌರೋಹಿತ್ಯದ ಮನೆತನ. ಇವರಿಗೆ ಮಂತ್ರವೆಲ್ಲ ಬರುತ್ತಿತ್ತು, ದಕ್ಷಿಣೆಗೆ ಕೈ ಚಾಚುವುದು ಬರಲಿಲ್ಲ. ನಾನು ಹರಿದ ಸೀಟು ಹೊತ್ತು ತಂದು ಅವರ ಅಂಗಡಿ ಮುಂದೆ ಕೆಡವಿದೆ.

"ಆಚಾರ್ರ, ಇದನ್ನ ಹೊಲೀತೀರೇನ್ರಿ?"

"ಹೊಲಿದು ಗೊತ್ತಿಲ್ಲಪಾ. ಆದ್ರ ಬಿಚ್ಚಿ ನೋಡಿದ್ರ ಹ್ಯಾಂಗ ಹೊಲಿದಾರ ಅಂತ ಅದs ಹೇಳತದ."

ಹಾಗೆಯೇ ಕಲಿತರು. ಯಾರ ಕಾಲೂ ಹಿಡಿಯಲಿಲ್ಲ. ಹಳೆಯ ಗವಸನ್ನು ಹರಿಯದೆ, ಹೊಲಿಗೆ ಗುಂಟ ಒಂದೊಂದೇ ದಾರ ಕತ್ತರಿಸಿ, ತುಂಡು ತುಂಡಾಗಿ ಬಿಡಿಸಿದರು. ಪ್ರತಿ ತುಂಡಿನ ಹಿಂದೆ ಸುಣ್ಣದಕಡ್ಡಿಯಿಂದ ಒಂದು, ಎರಡು, ಮೂರು ಎಂದು ಬರೆದು ಹೊಸ ರೆಕ್ಸಿನ್ ಮೇಲೆ ಹಾಸಿ ಗೆರೆ ಎಳೆದರು. ಒಳಗಿನ ಸ್ಪ್ರಿಂಗುಗಳನ್ನು ಸುತಳಿಯಿಂದ ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಬಿಗಿದು, ಮೇಲೆ ಗೋಣಿತಟ್ಟು, ಅದರ ಮೇಲೆ ತೆಂಗಿನ ನಾರು, ಕಡೆಗೆ ನಮ್ಮೂರ ಹತ್ತಿಯ ತೆಳ್ಳನೆಯ ಪದರು. ರೆಕ್ಸಿನ್ನನ್ನು ಒಂದು ತಾಸು ಬಿಸಿಲಿಗೆ ಒಣಹಾಕಿ ಮೆತ್ತಗೆ ಮಾಡಿ ಆಮೇಲೆ ಎಳೆದು ಮೊಳೆ ಹೊಡೆದರು. ಚರ್ಮದ ಸೀಟು ಮಾತ್ರ ಮುಟ್ಟುತ್ತಿರಲಿಲ್ಲ. ರೆಕ್ಸಿನ್ ಕಂಡುಹಿಡಿದವನಿಗೆ ಪುಣ್ಯ ಬರಲಿ ಎಂದು ನಗುತ್ತಿದ್ದರು.

ಕೆಲಸ ಮುಗಿದ ಮೇಲೆ ಅವರದೊಂದು ಪದ್ಧತಿ. ಸೀಟು ಗಾಡಿಗೆ ಕೂಡಿಸಿ, ಬಾಗಿಲು ಹಾಕಿಕೊಂಡು, ಹಿಂದೆ ಕುಳಿತು ಕಣ್ಣು ಮುಚ್ಚುತ್ತಿದ್ದರು. ನಿಂತ ಗಾಡಿ. ಐದು ನಿಮಿಷ, ಕೆಲವೊಮ್ಮೆ ಹತ್ತು. ಸ್ಪ್ರಿಂಗ್ ಪರೀಕ್ಷೆ ಅನ್ನುತ್ತಿದ್ದರು. ನಾನು ಕುರುಡನೇ?

ಇನ್ನೊಂದು ಪದ್ಧತಿಯೂ ಇತ್ತು. ಸೀಟು ಬಿಚ್ಚುವ ಮೊದಲು ಬೆನ್ನು ಮತ್ತು ಕೂಡುವ ಭಾಗದ ನಡುವಿನ ಸಂದಿಯಲ್ಲಿ ಕೈ ಇಳಿಬಿಟ್ಟು ಹುಡುಕುವುದು. ಹೆರಳುಪಿನ್ನು, ಕೊಲ್ಹಾಪುರದ ಸಿನೆಮಾ ಚೀಟಿ, ಗೋವೆಯ ದೋಣಿ ತಿಕೀಟು, ಒಮ್ಮೆ ಒಂದು ಕಪ್ಪೆಚಿಪ್ಪು. ಬೆಲೆಯುಳ್ಳದ್ದು ಸಿಕ್ಕರೆ ಮಾಲೀಕರಿಗೆ. ಉಳಿದದ್ದನ್ನು ಬಿಸ್ಕೀಟು ಡಬ್ಬಿಯಲ್ಲಿ ಇಡುತ್ತಿದ್ದರು. ಅವರ ಒಬ್ಬಳೇ ಮಗಳು ಶಾಂತಾ ಸಣ್ಣವಳಿದ್ದಾಗ ಅಪ್ಪನ ಈ ಚಾಳಿ ನೋಡಿ, ಸಾಲಿ ಬಿಟ್ಟು ಬರುವಾಗ ಅಂಗಡಿಯಲ್ಲಿ ನಿಂತ ಗಾಡಿಗಳ ಸೀಟಿನ ಸಂದಿಗೆ ಚೀಟಿ ತುರುಕಿ ಹೋಗುತ್ತಿದ್ದಳು. 'ಅಪ್ಪಾ, ಪೇರಲಹಣ್ಣು ತಗೊಂಡು ಬಾ' ಎಂದು. ಆಚಾರರು ಹುಡುಕಿ ತೆಗೆದು ಓದಿ ಇಡೀ ಪೇಟೆಗೆ ಕೇಳುವಂತೆ ನಗುತ್ತಿದ್ದರು.

ಇನ್ನು ಅವರ ಬೇಡಿಯ ಮಾತು. ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಸಾಲಿಗ್ರಾಮ. ಅದಕ್ಕೆ ಮುಂಜಾನೆ ಅಭಿಷೇಕ, ಸಂಜೆ ಮಂಗಳಾರತಿ, ಎರಡೂ ಆ ಮನೆಯ ಗಂಡಸಿನ ಕೈಯಿಂದಲೇ ಆಗಬೇಕೆಂದು ಮುತ್ತಜ್ಜ ಕಟ್ಟು ಹಾಕಿ ಹೋಗಿದ್ದ. ಆಚಾರರ ಅಣ್ಣ ಒಬ್ಬರಿದ್ದರು. ಪುಣೆಗೆ ನಾಲ್ಕು ದಿನ ಹೋಗಿ ಬರುತ್ತೇನೆಂದು ಹೋದವರು ತಿರುಗಿ ಬರಲೇ ಇಲ್ಲ. ಐವತ್ತಾರರಲ್ಲಿ ತಂದೆ ಸಾಯುವಾಗ ಆಚಾರರ ಕೈ ಹಿಡಿದು, ಪೂಜೆ ತಪ್ಪಿಸುವುದಿಲ್ಲವೆಂದು ನೀರು ಬಿಡಿಸಿ ಮಾತು ತೆಗೆದುಕೊಂಡರು. ಅಂದಿನಿಂದ ಆಚಾರರ ಪ್ರಪಂಚ ಎಂದರೆ ಮುಂಜಾನೆ ಒಂಬತ್ತಕ್ಕೆ ಹೊರಟು ಸಂಜೆ ಆರಕ್ಕೆ ಮರಳಬಹುದಾದಷ್ಟು. ಒಂದು ಕಡೆ ರಾಮದುರ್ಗ, ಇನ್ನೊಂದು ಕಡೆ ಕಿತ್ತೂರು, ರೆಕ್ಸಿನ್ ತರಲು ಹುಬ್ಬಳ್ಳಿ. ಅಲ್ಲಿಗೆ ಮುಗಿಯಿತು.

ಒಂದೇ ಒಂದು ಕಿಂಡಿ ಇತ್ತು. ಕಟಕೋಳದಲ್ಲಿ ಅವರ ದಾಯಾದಿಗಳ ಮನೆ. ಅಲ್ಲಿ ಯಾರಾದರೂ ಸತ್ತರೆ ಸೂತಕ, ಯಾರಾದರೂ ಹುಟ್ಟಿದರೆ ವೃದ್ಧಿ. ಎರಡರಲ್ಲಿ ಯಾವುದು ಬಂದರೂ ಹತ್ತು ದಿನ ಆಚಾರರು ದೇವರನ್ನು ಮುಟ್ಟುವಂತಿಲ್ಲ, ಬೇರೆ ಗೋತ್ರದ ವೆಂಕಣ್ಣಭಟ್ಟರು ಬಂದು ಪೂಜೆ ಮಾಡಬೇಕು. ಅದರಲ್ಲೂ ಒಂದು ಕರಾರು. ಸುದ್ದಿ ಕಿವಿಗೆ ಬಿದ್ದರೆ ಮಾತ್ರ ವೃದ್ಧಿ. ಹತ್ತು ದಿನ ಕಳೆದ ಮೇಲೆ ತಿಳಿದರೆ ಏನೂ ಇಲ್ಲ. ನಮ್ಮ ಲಿಂಗವಂತರಲ್ಲಿ ಸೂತಕವೇ ಇಲ್ಲ. ಇದನ್ನೆಲ್ಲ ಕೇಳಿ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ. ಆಮೇಲೆ ನಗಲಿಲ್ಲ.

ಅರವತ್ತೊಂಬತ್ತರಲ್ಲಿ ಶಾಂತಾಬಾಯಿಯ ಮದುವೆಯಾಯಿತು. ಅಳಿಯ ಕಾರವಾರದ ಕೋರ್ಟಿನಲ್ಲಿ ಗುಮಾಸ್ತ. ನನ್ನ ಗಾಡಿಯಲ್ಲೇ ಮಗಳನ್ನು ಕಳಿಸಿದರು. ಗಾಡಿ ಹೊರಡುವಾಗ ಆಚಾರರು ಸೀಟಿನ ಅಂಚು ಸವರುತ್ತ, "ನಾ ಬಂದು ನಿನ್ನ ಮನಿ ನೋಡ್ತೀನಿ, ಸಮುದ್ರಾನೂ ನೋಡ್ತೀನಿ" ಎಂದರು. ಅವಳು, "ದಾರಿ ನೋಡ್ತೀನಿ ಅಪ್ಪಾ" ಎಂದಳು. ಅವರ ಬಾಳಿನಲ್ಲಿ ಬೇಕಾಗಿದ್ದದ್ದು ಇದೊಂದೇ. ಮಗಳ ಮನೆಯ ಹೊಸ್ತಿಲು ತುಳಿಯುವುದು.

ಎಪ್ಪತ್ತೊಂದರಲ್ಲಿ ನಾನು ಬಾಡಿಗೆಗೆ ಕಟಕೋಳಕ್ಕೆ ಹೋದಾಗ ಅವರ ದಾಯಾದಿಗಳ ಮನೆಯಲ್ಲಿ ತೊಟ್ಟಿಲು ಕಂಡೆ. ಬಂದವನೇ ಹೇಳಿದೆ. ಆಚಾರರ ಮುಖ ಅರಳಿತು. ಲೆಕ್ಕ ಹಾಕಿದರೆ ಕೂಸು ಹುಟ್ಟಿ ಒಂಬತ್ತು ದಿನವಾಗಿತ್ತು. ಉಳಿದದ್ದು ಒಂದೇ ದಿನ. ಆದರೂ ಮರುದಿನ ಮುಂಜಾನೆ ಚೀಲ ಕಟ್ಟಿಕೊಂಡು ಬಂದು ಗಾಡಿ ಹತ್ತಿದರು. ಕಿತ್ತೂರಿಗೆ ಹೋದೆವು. ಹೆದ್ದಾರಿ ಕೂಡುವಲ್ಲಿ ಗಾಡಿ ನಿಲ್ಲಿಸು ಎಂದರು. ಇಳಿದು, ಲಾರಿಗಳು ಹೋಗುವುದನ್ನು ನೋಡುತ್ತ ಬಹಳ ಹೊತ್ತು ನಿಂತರು.

"ಕಾರವಾರ ಮುಟ್ಟೂದರಾಗ ಸಂಜಿ ಆಗತದ. ನಾಳೆ ಮುಂಜಾನೆ ಅಭಿಷೇಕಕ್ಕ ಹ್ಯಾಂಗ ಬರೋದು? ತಿರಗಸಪಾ" ಎಂದರು.

ತಿರುಗಿಸಿದೆ. ಮನೆ ಬಾಗಿಲಲ್ಲಿ ಅವರ ಹೆಂಡತಿ ರಾಧಾಬಾಯಿ ನಿಂತಿದ್ದರು, ಕಣ್ಣು ಕೆಂಪಗೆ ಉಬ್ಬಿದ್ದವು. ಗಂಡನ ಕೈಯಲ್ಲಿದ್ದ ಚೀಲವನ್ನು ನೋಡಿ, "ನಿಮ್ಮ ಅಣ್ಣಾನೂ ಹಿಂಗs ಚೀಲಾ ಹಿಡಕೊಂಡು ಹೋಗಿದ್ರು" ಎಂದರು.

ಆಮೇಲೆ ಕಟಕೋಳದಿಂದ ಸುದ್ದಿಯೇ ನಿಂತಿತು. ಅಲ್ಲಿ ನಾಲ್ಕು ಸೊಸೆಯಂದಿರು, ಒಂದಾದರೂ ಕೂಸು ಹುಟ್ಟಬಾರದೆ? ಎಪ್ಪತ್ತೆರಡರಲ್ಲಿ ಕಾರವಾರದ ಕಾಗದಗಳೂ ನಿಂತವು. ಪಂಚಮಿಗೆ ಮಗಳು ಬರಲಿಲ್ಲ. ಬರೆದದ್ದಕ್ಕೆ ಉತ್ತರವಿಲ್ಲ. ಮರು ವರ್ಷ ಯಾರೋ ಬಂದವರು, ಶಾಂತಾಬಾಯಿಗೆ ಗಂಡುಮಗು ಆಗಿದೆಯಲ್ಲ ಎಂದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವುದು ನಮ್ಮಲ್ಲಿ ಎಲ್ಲ ಜಾತಿಯವರಿಗೂ ಇರುವ ರೀತಿ. ಬಸಿರಿನ ಸುದ್ದಿಯನ್ನೂ ತಿಳಿಸದೆ ಬೀಗರು ಹೆರಿಗೆ ಮಾಡಿಸಿಕೊಂಡುಬಿಟ್ಟರೆಂದು ರಾಧಾಬಾಯಿ ನಾಲ್ಕು ದಿನ ಅನ್ನ ಮುಟ್ಟಲಿಲ್ಲ. "ಕರೀದs ಹ್ಯಾಂಗ ಹೋಗೋದು?" ಎಂದು ಹಟ ಹಿಡಿದರು. ಆಚಾರರು ಮಾತೇ ಕಡಿಮೆ ಮಾಡಿದರು. ನಿಂತ ಗಾಡಿಯಲ್ಲಿ ಕಣ್ಣು ಮುಚ್ಚಿ ಕೂಡುವುದು ಅರ್ಧ ತಾಸಿಗೆ ಬಂತು.

ಒಂದು ದಿನ ತಡೆಯಲಾರದೆ ಹೇಳಿದೆ, "ಆಚಾರ್ರ, ಕಟಕೋಳದಾಗ ಕೂಸ ಹುಟ್ಟೇತಿ ಅಂತ ನಾನs ಹೇಳತೇನಿ. ಹತ್ತ ದಿನಾ ಆರಾಮ ಹೋಗಿ ಬರೂಣು. ಯಾರ ನೋಡಾಕ ಹೊಂಟಾರ?"

ಅವರು ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು. "ನೀ ಹೇಳಿದ್ರ ನಾ ನಂಬ್ತೀನಿ, ನಿಜಗುಣಪ್ಪ. ಅದಕ್ಕs ಹೇಳಬ್ಯಾಡ."

ಎಪ್ಪತ್ತಾರರ ದೀಪಾವಳಿ ಕಳೆದಿತ್ತು. ಮಧ್ಯಾಹ್ನ ಯಾವುದೋ ಮಾತಿಗೆಂದು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಮರದ ಚೌಕಟ್ಟಿನ ಮೇಲೆ ಒಂದು ಹಳೆಯ ಆಸ್ಟಿನ್ ಕಾರಿನ ಹಿಂದಿನ ಸೀಟು ಇತ್ತು, ಮೇಲೆ ದಪ್ಪ ಬಟ್ಟೆಯ ಗವಸು. ಗುಜರಿಗೆ ಹೋಗುವ ಗಾಡಿಯದು ಎಂದು ಆಚಾರರು ತಂದದ್ದು. ಮಧ್ಯಾಹ್ನ ಅದು ರಾಧಾಬಾಯಿಯವರ ಜಾಗ. ಬತ್ತಿ ಹೊಸೆಯುತ್ತ, ಟಪಾಲು ಬರುವ ದಾರಿ ನೋಡುತ್ತ ಅಲ್ಲಿ ಕೂಡುತ್ತಿದ್ದರು. ಅಂದು ಅವರು ಅರಿಷಿಣ ಕುಂಕುಮಕ್ಕೆಂದು ಪಕ್ಕದ ಓಣಿಗೆ ಹೋಗಿದ್ದರು. ನಾನು ಕುಳಿತೆ. ಮುರಿದ ಸ್ಪ್ರಿಂಗ್ ಒಂದು ಮೇಲೆದ್ದು ನನ್ನ ಹೊಸ ಧೋತರವನ್ನು ಪರ್ ಎಂದು ಹರಿಯಿತು.

"ಊರ ಮಂದಿ ಸೀಟೆಲ್ಲಾ ಹೊಲದ್ರಿ. ಮನ್ಯಾಗಿಂದು ನೋಡ್ರಿಲ್ಲೆ!" ಎಂದು ಕೂಗಾಡಿದೆ.

ಆಚಾರರಿಗೆ ನಾಚಿಕೆಯಾಯಿತು. ಆಗಲೇ ದಬ್ಬಣ, ಕತ್ತರಿ ತಂದು ಕುಳಿತರು. ಅಭ್ಯಾಸಬಲ, ಮೊದಲು ಸಂದಿಯಲ್ಲಿ ಕೈ ಬಿಟ್ಟರು. ಒಂದು ಪೋಸ್ಟ್‌ಕಾರ್ಡು ಬಂತು. ನಾಲ್ಕೂ ಮೂಲೆಗೆ ಅರಿಷಿಣ. ಇನ್ನೊಂದು ಬಂತು, ಮತ್ತೊಂದು. ಒಳಗೆ ನಾರಿನವರೆಗೆ ಇಳಿದು ಕುಳಿತಿದ್ದವು. ಒಟ್ಟು ಐದು.

ಕಟಕೋಳದಿಂದ ಬಂದವು ನಾಲ್ಕು. ನಾಲ್ಕೂ ಕೂಸು ಹುಟ್ಟಿದ ಸುದ್ದಿ, ನಾಲ್ಕೂ ಹುಟ್ಟಿದ ಮರುದಿನ ಬರೆದವು. ಎಂಟೆಂಟು ದಿನದ ಬಿಡುಗಡೆ, ನಾಲ್ಕು ಸಲ, ಆ ಸೀಟಿನ ಹೊಟ್ಟೆಯಲ್ಲಿ ಬಿದ್ದಿತ್ತು. ನನಗೆ ಕೂಡಲೇ ತಿಳಿಯಿತು. ರಾಧಾಬಾಯಿಯವರಿಗೆ ಓದಲು ಬರುತ್ತಿರಲಿಲ್ಲ. ಬೇರೆ ಕಾಗದಗಳನ್ನು ಗಂಡನ ಕೈಗೆ ಕೊಡುತ್ತಿದ್ದರು. ಅರಿಷಿಣದ ಮೂಲೆ ಕಂಡರೆ, ಇದು ಕಟಕೋಳದ ಕೂಸು, ಇವರು ಮತ್ತೆ ಚೀಲ ಕಟ್ಟುತ್ತಾರೆ, ಅಣ್ಣನಂತೆ ಹೋಗಿಬಿಡುತ್ತಾರೆ ಎಂದು ಹೆದರಿ ತಾವು ಕೂಡುವ ಸೀಟಿನ ಸಂದಿಗೆ ತಳ್ಳಿದ್ದರು. ಮಡಿಯಲ್ಲಿ ಅಷ್ಟು ಕಟ್ಟುನಿಟ್ಟಿನ ಹೆಂಗಸು. ವೃದ್ಧಿ ಇಟ್ಟುಕೊಂಡು ದೇವರಿಗೆ ನೈವೇದ್ಯ ಮಾಡಿದ ಪಾಪ ಬರುವುದಿಲ್ಲವೆ? ಬರುವುದಿಲ್ಲ. ಸುದ್ದಿ ಓದಿಲ್ಲವಲ್ಲ, ಕಿವಿಗೆ ಬಿದ್ದಿಲ್ಲವಲ್ಲ. ಹರಿದು ಒಗೆಯುವುದು ಅಮಂಗಳ, ಇಟ್ಟರೆ ದೋಷವಿಲ್ಲ. ಆ ಲೆಕ್ಕ ಅವರಿಗೇ ಹೊಳೆಯಬೇಕು!

ಆಚಾರರು ಐದನೆಯ ಕಾರ್ಡು ಹಿಡಿದು ಹಾಗೇ ಕುಳಿತಿದ್ದರು. ಅದು ಕಟಕೋಳದ್ದಲ್ಲ. ಶಾಂತಾಬಾಯಿಯ ಕೈಬರಹ, ಎಪ್ಪತ್ತೆರಡನೆಯ ಇಸವಿ. ಆಚಾರರು ನನ್ನ ಕಡೆ ನೂಕಿದರು. ಓದಿದೆ. 'ಅಪ್ಪಾ, ಅವ್ವಾ, ನನಗ ಏಳನೇ ತಿಂಗಳು. ಸೀಮಂತಕ್ಕ ಬಂದು ಇಬ್ಬರೂ ನನ್ನನ್ನ ಊರಿಗೆ ಕರಕೊಂಡು ಹೋಗಬೇಕು. ನೀವು ಬರದಿದ್ದರ ಈ ಮನ್ಯಾಗ ನನಗ ತಲಿ ಎತ್ತಲಿಕ್ಕೆ ಆಗೋದಿಲ್ಲ.' ಶುಭಕಾರ್ಯದ ಕಾಗದವೆಂದು ನಾಲ್ಕು ಮೂಲೆಗೆ ಅರಿಷಿಣ ಹಚ್ಚಿದ್ದಳು. ಆ ಅರಿಷಿಣವೇ ಮುಳುವಾಯಿತು. ತಾಯಿ ತಾನೇ ಮಗಳ ಕಾಗದವನ್ನು ಕಟಕೋಳದ್ದೆಂದು ತಿಳಿದು ಸೀಟಿಗೆ ತುರುಕಿ, ಅದರ ಮೇಲೆಯೇ ಕುಳಿತು ನಾಲ್ಕು ವರ್ಷ ಮಗಳ ಕಾಗದದ ದಾರಿ ನೋಡಿದ್ದರು.

ನನಗೆ ತಲೆಗೆ ಸಿಟ್ಟೇರಿತು. "ರಾಧಾಬಾಯಾರು ಬರ್ಲಿ. ನಾನs ಕೇಳತೇನಿ" ಎಂದೆ.

"ಸುಮ್ಮನಿರು." ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಕಟಕೋಳದ್ದು ಆಕಿಗೆ ಗೊತ್ತದ. ಇದು ಗೊತ್ತಿಲ್ಲ. ಗೊತ್ತಾದ್ರ ಆಕಿ ಉಳಿಯೋದಿಲ್ಲ."

ಐದೂ ಕಾರ್ಡುಗಳನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಗವಸು ಬಿಚ್ಚತೊಡಗಿದರು. ಅಷ್ಟರಲ್ಲಿ ರಾಧಾಬಾಯಿ ಬಂದರು. ಬಿಚ್ಚಿದ ಸೀಟು, ನಾರಿನ ಗುಂಪೆ ನೋಡಿ ಹೊಸ್ತಿಲಲ್ಲೇ ನಿಂತರು. ಮುಖದ ಬಣ್ಣ ಹೋಯಿತು.

"ಒಳಗ... ಏನರೇ ಸಿಕ್ತೇನು?"

ಆಚಾರರು ತಲೆ ಎತ್ತಲಿಲ್ಲ. "ಏನ ಸಿಗತದ? ಬರೇ ನಾರು."

ರಾಧಾಬಾಯಿ ಕಂಬ ಹಿಡಿದು ನಿಧಾನವಾಗಿ ಕೆಳಗೆ ಕುಳಿತರು. ಗಂಡನಿಗೆ ಕಟಕೋಳದ ಕಾರ್ಡು ಸಿಕ್ಕಿವೆ, ಸಿಕ್ಕರೂ ಬಾಯಿ ಬಿಡುತ್ತಿಲ್ಲ ಎಂಬುದು ಅವರಿಗೆ ತಿಳಿಯಿತು. ಆಚಾರರೇ, "ನೀ ಒಮ್ಮೆ ಕಾರವಾರಕ್ಕ ಹೋಗಿ ಬಾ. ಕರದಾರೋ ಇಲ್ಲೋ, ಮಗಳು ನಮ್ಮಾಕಿ. ನಿಜಗುಣಪ್ಪ ಕರಕೊಂಡು ಹೋಗತಾನ" ಎಂದರು. ಬೇರೆ ದಿನವಾದರೆ ಹತ್ತು ಕಾರಣ ಹೇಳುತ್ತಿದ್ದ ಹೆಂಗಸು ಅಂದು, "ನೈವೇದ್ಯಕ್ಕ?" ಎಂದಷ್ಟೇ ಕೇಳಿದರು. "ನಾ ಮಾಡ್ಕೋತೀನಿ" ಎಂದರು ಆಚಾರರು.

ಎರಡು ದಿನ ನನ್ನ ಲ್ಯಾಂಡ್‌ಮಾಸ್ಟರಿನ ಹಿಂದಿನ ಸೀಟನ್ನು ಹೊಸದಾಗಿ ಹೊಲಿದರು. ನಾನು ಕೇಳಿರಲಿಲ್ಲ. ಘಟ್ಟದ ದಾರಿಯಲ್ಲಿ ಹೆಂಡತಿಯ ಸೊಂಟಕ್ಕೆ ಪೆಟ್ಟಾಗಬಾರದೆಂದು ಹತ್ತಿಯನ್ನು ಎರಡು ಪದರು ಹಾಕಿದರು. ಈ ಸಲ ಕುಳಿತು ಕಣ್ಣು ಮುಚ್ಚಲಿಲ್ಲ. ಹೊರಡುವ ಮುಂಜಾನೆ ನನ್ನನ್ನು ಪಕ್ಕಕ್ಕೆ ಕರೆದು, "ಶಾಂತಾಗ ಒಂದs ಮಾತು ಹೇಳು. ಕಾರ್ಡು ನನ್ನ ಕೈಗೆ ಬಂದಿತ್ತು, ಕೆಲಸದ ಗಡಿಬಿಡಿಯೊಳಗ ನಾ ಮರತೆ, ಅವ್ವಗ ಗೊತ್ತs ಇಲ್ಲ ಅಂತ" ಎಂದರು.

"ನೀವs ಬರ್ರಿ ಆಚಾರ್ರ. ನಿಮ್ಮ ಕಾಲಿಗೆ ಬೀಳತೇನಿ. ವೆಂಕಣ್ಣಭಟ್ಟರು ಅದಾರಲ್ರಿ, ಎರಡ ದಿನಾ ಆರತಿ ಎತ್ತತಾರ."

ಅವರು ಬಂದು ಗಾಡಿಯ ಬಾಗಿಲಿನ ಮೇಲೆ ಕೈಯಿಟ್ಟರು. ಹತ್ತಿಬಿಡುತ್ತಾರೆ ಎಂದುಕೊಂಡೆ, ದೇವರಾಣೆ. ಒಳಗೆ ಕುಳಿತ ರಾಧಾಬಾಯಿ ಗಂಡನ ಕೈಯನ್ನೇ ನೋಡುತ್ತಿದ್ದರು. ಆಚಾರರು ಬಾಗಿಲು ಹಾಕಿ, "ಸಾವಕಾಶ ಹೊಡಿ" ಎಂದರು.

ಕಾರವಾರದಲ್ಲಿ ತಾಯಿಮಗಳು ಅಪ್ಪಿಕೊಂಡು ಅತ್ತದ್ದನ್ನು ನಾನು ವರ್ಣಿಸುವುದಿಲ್ಲ. ಮರುದಿನ ಶಾಂತಾಬಾಯಿ ಒಬ್ಬಳೇ ಇರುವಾಗ ಆಚಾರರ ಮಾತು ಒಪ್ಪಿಸಿದೆ. ಜೀವಮಾನದಲ್ಲಿ ನಾನು ಹೇಳಿದ ಅತಿ ಕೆಟ್ಟ ಸುಳ್ಳು ಅದು. ಅವಳು ಒಳಗೆ ಮೊಮ್ಮಗನಿಗೆ ತುತ್ತು ಮಾಡುತ್ತಿದ್ದ ತಾಯಿಯ ಕಡೆ ನೋಡಿದಳು. ಒಂದು ದಿನ ಇದ್ದು ಹೊರಟೆವು. ಅವಳು ಗಾಡಿಯವರೆಗೆ ಬಂದು, ತಾಯಿ ಹತ್ತುವ ಮೊದಲು ಸೀಟಿನ ಮೇಲೆ ಕೈಯಾಡಿಸಿ, "ಅಪ್ಪ ಭಾಳ ಛಂದ ಹೊಲದಾನ" ಎಂದಳು.

ಬೈಲಹೊಂಗಲ ಮುಟ್ಟಿದಾಗ ಐದೂವರೆ. ರಾಧಾಬಾಯಿ ಮೊಮ್ಮಗನ ಸುದ್ದಿ ಹೇಳುತ್ತ ಒಳಗೆ ಹೋದರು, ಎಷ್ಟೋ ವರ್ಷದ ಮೇಲೆ ಅವರ ನಗು ಕೇಳಿದೆ. ಆಚಾರರು ಗಾಡಿಯ ಹಿಂದಿನ ಬಾಗಿಲು ತೆರೆದು ಸಂದಿಯಲ್ಲಿ ಕೈ ಇಳಿಬಿಟ್ಟರು. ಒಂದಿಷ್ಟು ಸಮುದ್ರದ ಉಸುಕು ಬಂತು. ಆಮೇಲೆ ಮಡಚಿದ ಒಂದು ಕಾರ್ಡು. ಮೂಲೆಗೆ ಅರಿಷಿಣವಿರಲಿಲ್ಲ. ಚಷ್ಮಾ ಒಳಗಿತ್ತು. "ಓದಪಾ" ಎಂದರು. ಓದಿದೆ.

'ಅಪ್ಪಾ, ನೀ ಮರಿಯೋ ಮನಷ್ಯಾ ಅಲ್ಲ. ಯಾರ ಸಲವಾಗಿ ಸುಳ್ಳ ಹೇಳಿ ಕಳಿಸೀದಿ ಅಂತ ನನಗ ತಿಳೀತು. ಅವ್ವಗ ನಾ ಏನೂ ಕೇಳಿಲ್ಲ, ಕೇಳೋದೂ ಇಲ್ಲ. ನಾಲ್ಕು ವರ್ಷ ನಿನ್ನ ಮ್ಯಾಲೆ ಸಿಟ್ಟಿತ್ತು. ಸಿಟ್ಟಿದ್ದಾಗ ದಿನಾ ದಾರಿ ನೋಡ್ತಿದ್ದೆ. ಗಾಡಿ ಬಂತು ಅಂದಾಗ ನೀನೂ ಬಂದಿ ಅಂತ ಓಡಿ ಬಂದೆ. ಈಗ ಸಿಟ್ಟಿಲ್ಲ. ಇನ್ನ ದಾರೀನೂ ನೋಡೋದಿಲ್ಲ. ನೀ ಆರಾಮ ಇರು.'

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಆಚಾರರು ಅಂಗೈಯಲ್ಲಿದ್ದ ಉಸುಕನ್ನು ಧೋತರದ ಚುಂಗಿಗೆ ಕಟ್ಟಿಕೊಂಡರು. ಒಳಗಿನಿಂದ ರಾಧಾಬಾಯಿ ಕೂಗಿದರು, "ಅಂದ್ಹಂಗ, ಆರತಿ ಹೊತ್ತಾತಲ್ಲಾ?"

"ಬಂದೆ" ಎಂದು ಆಚಾರರು ಬಾವಿಯ ಕಡೆ ಸ್ನಾನಕ್ಕೆ ನಡೆದರು.